ಗ್ರಂಥಭಂಡಾರದ ಪಾಠವೂ ಅದರ ಬೆಲೆಯೂ

ಕಾಲೇಜಿನ ವಿದ್ಯಾರ್ಥಿಗಳಿಗೆ ಗ್ರಂಥಭಂಡಾರದ ಬಳಕೆಯನ್ನು ಕಲಿಸುವುದು ಸಾರ್ಥಕವೇ ಎಂಬ ಚರ್ಚೆಯಲ್ಲಿ ಎಸ್. ಆರ್. ರಂಗನಾಥನ್‌ರವರನ್ನು ಸಾಕ್ಷಿಗೆ ಕರೆಯುವ ವಾಡಿಕೆಯುಂಟು. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಅವರ ಪಂಚಸೂತ್ರಗಳ ಗ್ರಂಥವು 1931ರಲ್ಲಿ ಹೊರಬಿದ್ದಿತು. ಸಾಕ್ಷಿಯೇನೋ ಬಲವಾದುದೇ, ಆದರೆ ಅದು ಒಂದೇ ಪಕ್ಷಕ್ಕೆ ನುಡಿಯುವಂಥದಲ್ಲ.

ವಾಚಕನ ಕಾಲವು ವ್ಯರ್ಥವಾಗಬಾರದೆಂಬುದು ನಾಲ್ಕನೆಯ ಸೂತ್ರದ ತಾತ್ಪರ್ಯ. ಇದನ್ನು ಗಡಿಯಾರ ಹಿಡಿದು ಅರ್ಥಮಾಡಿದರೆ ಪಾಠವೇ ದಂಡವೆನ್ನಬೇಕಾದೀತು. ಬೇಲೂರಿನ ದೇವಾಲಯವನ್ನು ಕುರಿತು ಪ್ರಬಂಧ ಬರೆಯಬೇಕಾದ ಹುಡುಗನಿಗೆ ಗ್ರಂಥಪಾಲನೇ ಎದ್ದು ಎರಡು ಪುಸ್ತಕಗಳನ್ನು ತಂದುಕೊಟ್ಟರೆ ಐದು ನಿಮಿಷದ ಕೆಲಸ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಜಿಲ್ಲೆ ತಾಲ್ಲೂಕುಗಳ ಕ್ರಮದಲ್ಲಿವೆಯೆಂದೂ, ಹಾಸನ ಜಿಲ್ಲೆಯದು ಐದನೆಯದೆಂದೂ, ಅದರೊಳಗೆ ಬೇಕಾದ ಶಾಸನವನ್ನು ಅರಸುವ ಬಗೆ ಹೀಗೆಂದೂ ತೋರಿಸಹೊರಟರೆ ಒಂದು ಮಧ್ಯಾಹ್ನವೇ ಕಳೆಯುವುದು. ಆದರೆ ಆ ಹುಡುಗನು ಮುಂದಿನ ವರ್ಷ ಸೋಮನಾಥಪುರದ ವಿಷಯಕ್ಕೆ ಮತ್ತೆ ಮೇಜಿನ ಮುಂದೆ ಕಾದು ನಿಲ್ಲಬೇಕಾಗಿಲ್ಲ. ಕಾಲವನ್ನು ಎಣಿಸುವುದಾದರೆ ವ್ಯಾಸಂಗದ ಅಷ್ಟೂ ವರ್ಷಗಳನ್ನು ಎಣಿಸಬೇಕು.

ಬೆಲೆ ಕಟ್ಟುವ ಬಗೆಯಲ್ಲಿಯೂ ಇಂಥದೇ ಎಡವಟ್ಟು. ಪಾಠದ ಮರುದಿನ ಹತ್ತು ಪ್ರಶ್ನೆ ಕೇಳಿ ಅಂಕವಿಡುವುದು ನೆನಪಿನ ಪರೀಕ್ಷೆಯೇ ಹೊರತು ಬಳಕೆಯ ಪರೀಕ್ಷೆಯಲ್ಲ. ಸರಾಸರಿಯ ಅಂಕವಂತೂ ಮುಖ್ಯನಾದವನನ್ನೇ ಮರೆಮಾಡುತ್ತದೆ: ಪುಸ್ತಕಗಳ ನಡುವೆ ಬೆಳೆದವನು ಪಾಠವಿಲ್ಲದೆಯೂ ದಾರಿ ಕಂಡಾನು, ಭಂಡಾರವನ್ನೇ ಕಾಣದ ಹಳ್ಳಿಯ ಶಾಲೆಯಿಂದ ಬಂದು, ಕೇಳಲು ನಾಚಿ ಹಿಂದಿರುಗುವವನಿಗೆ ಪಾಠವಲ್ಲದೆ ಬೇರೆ ದಾರಿಯಿಲ್ಲ. ನೋಡಬೇಕಾದುದು ಅವನ ಪ್ರಬಂಧವನ್ನು. ಜಕಣಾಚಾರಿಯ ಕಥೆಯನ್ನು ಕೇಳಿದಂತೆಯೇ ಬರೆದಿರುವನೋ, ಬೇಲೂರಿನ ವಿಗ್ರಹಗಳಲ್ಲಿ ಕೆತ್ತಿರುವ ದಾಸೋಜ, ಚಾವಣರ ಹೆಸರುಗಳವರೆಗೆ ಹೋಗಿರುವನೋ?

ರಂಗನಾಥನ್‌ರವರು ವಾಚಕಸೇವೆಯನ್ನು ಕುರಿತ ತಮ್ಮ 1940ರ ಗ್ರಂಥದಲ್ಲಿ ಹೊಸಬರ ದೀಕ್ಷೆಗೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾರೆ. ಅದು ಯುಕ್ತವೇ. ಆದರೆ ವರ್ಷಾರಂಭದ ದೀಕ್ಷೆಯೊಂದೇ ಸಾಲದು. ಪ್ರಶ್ನೆ ಹುಟ್ಟದ ಮುನ್ನ ಹೇಳಿದ ಉತ್ತರ ಕಿವಿಯಲ್ಲಿ ನಿಲ್ಲದು. ಕಾರ್ಡುಗಳ ಸ್ಥಾನಕ್ಕೆ ಗಣಕಯಂತ್ರ ಬಂದರೂ ಈ ಮಾತು ಬದಲಾಗಿಲ್ಲ. ಹುಡುಕುವುದು ಸುಲಭವಾಯಿತು, ಸಿಕ್ಕಿದ್ದರಲ್ಲಿ ನಂಬತಕ್ಕದ್ದು ಯಾವುದೆಂಬುದು ಇನ್ನಷ್ಟು ಕಷ್ಟವಾಯಿತು. ಅಧ್ಯಾಪಕರು ಪ್ರಬಂಧದ ವಿಷಯವನ್ನು ಕೊಟ್ಟ ವಾರದಲ್ಲಿಯೇ ಈ ಪಾಠ ನಡೆಯತಕ್ಕದ್ದು. ಬರೆಯಿಸಿದ ಟಿಪ್ಪಣಿಯನ್ನು ಒಪ್ಪಿಸಿದವನಿಗೂ ಶಾಸನವನ್ನು ತೆರೆದು ನೋಡಿದವನಿಗೂ ಒಂದೇ ಅಂಕ ದೊರೆಯುವ ಕಾಲೇಜಿನಲ್ಲಿ ಮಾತ್ರ, ಪಾಠವು ಎಂದು ನಡೆದರೂ ಅದರ ಫಲ ಯಾವ ಅಳತೆಗೂ ಸಿಕ್ಕಲಾರದು.