ಸಣ್ಣ ನಗರದ ನಾಟ್ಯಕಲೆ: ಗದುಗಿನ ನಿದರ್ಶನ

ಸಣ್ಣ ಊರಿನಲ್ಲಿ ನಾಟ್ಯಗೀತಗಳು ನೆಲೆಗೊಳ್ಳಬೇಕಾದರೆ ಮೊದಲು ವಿಶಾಲವಾದ ರಂಗಮಂದಿರವೊಂದು ಸಿದ್ಧವಾಗಬೇಕೆಂಬ ಮಾತು ಈಚೆಗೆ ಸಿದ್ಧಾಂತದಂತೆ ಹರಡಿಕೊಂಡಿದೆ. ಮಂದಿರವಾದ ಬಳಿಕ ನಟರು ಬರುವರು, ನಟರು ಬಂದ ಬಳಿಕ ಪ್ರೇಕ್ಷಕರು ನೆರೆಯುವರು ಎಂಬುದು ಈ ವಾದಿಗಳ ಕ್ರಮ. ಇದು ಚರಿತ್ರೆಗೂ ಒಪ್ಪದು, ಶಾಸ್ತ್ರಕ್ಕೂ ಒಪ್ಪದು ಎಂದು ನಮ್ಮ ಅಭಿಪ್ರಾಯ. ಚರಿತ್ರೆಗೆ ಗದುಗಿನಷ್ಟು ಯೋಗ್ಯವಾದ ನಿದರ್ಶನವು ಕರ್ಣಾಟಕದಲ್ಲಿ ವಿರಳವಾದುದರಿಂದ ಪ್ರಕೃತ ಅದನ್ನೇ ವಿಚಾರಕ್ಕೆ ತೆಗೆದುಕೊಂಡಿರುವೆವು. ೨೦೧೧ರ ಜನಗಣತಿಯಲ್ಲಿಯೂ ಎರಡು ಲಕ್ಷವನ್ನು ಮುಟ್ಟದ ಊರು ಅದು.

ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗ್ಲಿಗೆ ಹೋಗಿ ಆಡಿದುದನ್ನು ಕಂಡು ಅಲ್ಲಿಯ ದೊರೆಯು ಅಂತಹದೇ ಆಟವನ್ನು ಮರಾಠಿಯಲ್ಲಿ ರಚಿಸಬೇಕೆಂದು ಅಪೇಕ್ಷಿಸಲು, ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕೆಲವು ದಶಕಗಳೊಳಗೆ ಮರಾಠಿ ಮಂಡಳಿಗಳು ಕನ್ನಡ ನಾಡನ್ನೇ ತುಂಬಿದುವು. ಸಾಲ ಕೊಟ್ಟವನ ಮನೆಗೆ ಸಾಲಗಾರನು ದಾನಿಯಾಗಿ ಬಂದಂತಾಯಿತು. ಇದನ್ನು ಸಹಿಸದೆ, ೧೯ನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಸಕ್ಕರಿ ಬಾಳಾಚಾರ್ಯರು, ಅರ್ಥಾತ್ ಶಾಂತಕವಿಗಳು, ವೀರನಾರಾಯಣನ ಹೆಸರನ್ನು ಹೊತ್ತ ಕೃತಪುರ ನಾಟಕ ಮಂಡಳಿಯನ್ನು ಗದುಗಿನಲ್ಲಿ ಕಟ್ಟಿ ಉಷಾಹರಣವೇ ಮೊದಲಾದ ನಾಟಕಗಳನ್ನು ರಚಿಸಿ ಆಡಿಸಿದರು. ಅವರು ಶ್ರೀಮಂತರಲ್ಲ, ಶಾಲಾಶಿಕ್ಷಕರು.

ಹಾಗಾದರೆ ಆ ಯತ್ನಕ್ಕೆ ಆಧಾರವು ಯಾವುದು? ಊರಿನ ಶ್ರೋತೃವರ್ಗವೆಂದೇ ನಾವು ಊಹಿಸುವೆವು. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ನಂಬಿದ ಜನರು, ಅದರ ವಾಚನವನ್ನು ತಲೆಮಾರುಗಳಿಂದ ಕೇಳುತ್ತ ಬಂದವರು, ಪದ್ಯದ ಅರ್ಥವನ್ನು ರಾಗದೊಡನೆ ಗ್ರಹಿಸುವ ಸಂಸ್ಕಾರವನ್ನು ಪಡೆದಿದ್ದರು. ಶಾಂತಕವಿಗಳ ನಾಟಕಗಳಲ್ಲಿ ಪದ್ಯಪ್ರಾಚುರ್ಯವು ದೋಷವೆಂದು ಇಂದಿನ ವಿಮರ್ಶಕರು ಹೇಳುವುದುಂಟು. ಓದುವವನಿಗೆ ಅದು ದೋಷವೇ ಹೌದು. ಸಂಧಿಗಳ ನಿರ್ವಾಹವು ಗೀತಗಳ ಭಾರದಿಂದ ಕುಂಟುವುದನ್ನು ನಾವೂ ಅಲ್ಲಗಳೆಯೆವು. ಆದರೆ ಆ ಕವಿಯು ಬರೆದುದು ಓದುವವನಿಗಾಗಿ ಅಲ್ಲ, ಕೇಳಬಲ್ಲ ಊರಿಗಾಗಿ.

ಅನಂತರ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯು ಗದುಗನ್ನೇ ಮನೆಯಾಗಿಸಿಕೊಂಡು ಕೀರ್ತಿಯನ್ನು ಗಳಿಸಿತು. ಎಚ್ಚಮನಾಯಕ, ವಿಷಮವಿವಾಹ ಮೊದಲಾದುವನ್ನು ರಚಿಸಿದ ಸದಾಶಿವರಾಯರು ೧೯೫೪ರಲ್ಲಿ ಗತಿಸಿದರು. ಒಬ್ಬ ಮಹಾನಟನ ಉಸಿರಿನಿಂದ ಬದುಕಿದ ಮಂಡಳಿಯು ಅವನ ಪ್ರತಿಭೆಯಷ್ಟನ್ನು ಉಳಿಸಿಕೊಳ್ಳಲಾರದು. ಚಲನಚಿತ್ರವು ನಾಟಕವನ್ನು ಕೊಂದಿತು, ಜನರ ಅಭಿರುಚಿ ಕೆಟ್ಟಿತು ಎಂದು ದೂರುವವರು ಇದನ್ನು ಗಮನಿಸಿಲ್ಲ. ಅಭಿರುಚಿ ಕೆಟ್ಟ ಅದೇ ಊರಿನಲ್ಲಿ ಅದೇ ಕಾಲದಲ್ಲಿ ಸಂಗೀತವು ಬೆಳೆದುದು ಹೇಗೆ?

ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ಣಾಟಕ ಹಿಂದುಸ್ತಾನಿ ಪದ್ಧತಿಗಳೆರಡನ್ನೂ ಕಲಿತು, ಅಂಧರಿಗೂ ಬಡವರಿಗೂ ಅನ್ನವಿಕ್ಕಿ ವಿದ್ಯೆಯನ್ನು ಕೊಟ್ಟರು. ಊರೂರು ತಿರುಗುತ್ತಿದ್ದ ಅವರ ಪಾಠಶಾಲೆಯು ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅವರ ಬಳಿಕ ಶಿಷ್ಯರಾದ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ದೇಹವಿಡುವವರೆಗೆ ಅದನ್ನು ನಡೆಸಿದರು. ಬಸವರಾಜ ರಾಜಗುರುಗಳಂತಹ ಗಾಯಕರು ಪಂಚಾಕ್ಷರಿಗಳ ಶಿಷ್ಯರೇ. ಆದರೆ ನಮ್ಮ ವಿಚಾರಕ್ಕೆ ಪ್ರಸಿದ್ಧರಿಗಿಂತಲೂ ಮುಖ್ಯರಾದವರು ಅಪ್ರಸಿದ್ಧರು: ಹಳ್ಳಿಹಳ್ಳಿಗಳಲ್ಲಿ ಪುರಾಣಕ್ಕೆ, ಕೀರ್ತನೆಗೆ, ಶಾಲೆಯ ಮಕ್ಕಳಿಗೆ ಹಾರ್ಮೋನಿಯಂ ತಬಲಾಗಳನ್ನು ನುಡಿಸಿಕೊಂಡು ಬದುಕುತ್ತಿರುವ ಆಶ್ರಮದ ವಿದ್ಯಾರ್ಥಿಗಳು.

ಆಶ್ರಮವೂ ನಾಟ್ಯಸಂಘವನ್ನು ನಡೆಸಿತಲ್ಲ, ಅದೂ ಹಣಕ್ಕಾಗಿಯೇ ಅಲ್ಲವೇ ಎಂದು ಆಕ್ಷೇಪಿಸಬಹುದು. ನಿಜ, ಪುಟ್ಟರಾಜರು ತಾವೇ ನಾಟಕಗಳನ್ನು ಬರೆದು ಆಡಿಸಿದರು. ಅವುಗಳ ವಸ್ತುವು ಪ್ರಾಯಃ ಶರಣಚರಿತ್ರೆ. ಭಕ್ತಿಯೊಂದೇ ಮುಂದಾಗಿ ಉಳಿದ ರಸಗಳು ಅದರ ಊಳಿಗದಲ್ಲಿರುವುವು. ರೂಪಕವಾಗಿ ಅವನ್ನು ಗರುಡರ ಕೃತಿಗಳಿಗೆ ಸರಿಗಟ್ಟಿಸಲು ನಾವು ಒಪ್ಪೆವು. ಭೇದವಿರುವುದು ಬೇರೆಡೆಯಲ್ಲಿ. ವೃತ್ತಿಮಂಡಳಿಗಳಲ್ಲಿ ಹುಡುಗರಿಗೆ ಪಾಠವಾಗುತ್ತಿದ್ದುದು ನಾಟಕವು ನಡೆಯಲೆಂದು; ಇಲ್ಲಿ ನಾಟಕವು ನಡೆದುದು ಪಾಠವಾಗಲೆಂದು. ಆದುದರಿಂದ ಒಂದು ವರ್ಷ ಆದಾಯವು ಕುಗ್ಗಿದರೂ ವಿದ್ಯೆಯು ಕುಗ್ಗಲಿಲ್ಲ.

ಬೋಧಕನ ಸ್ಥಾನವೆಷ್ಟೆಂಬುದಕ್ಕೆ ಇನ್ನೊಂದು ಸಾಕ್ಷಿಯುಂಟು. ೧೯೨೨ರಲ್ಲಿ ಗದುಗಿನಲ್ಲಿ ಜನಿಸಿದ ಭೀಮಸೇನ ಜೋಶಿಯವರು ೧೯೩೩ರಲ್ಲಿ ಗುರುವನ್ನರಸಿ ಮನೆಬಿಟ್ಟು ಗ್ವಾಲಿಯರ್, ರಾಂಪುರ, ಜಾಲಂಧರಗಳವರೆಗೂ ಅಲೆದರು. ಕಡೆಗೆ ಜಾಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ತೋರಿದ ಗುರುವು ಕುಂದಗೋಳದ ಸವಾಯಿ ಗಂಧರ್ವರು. ಕುಂದಗೋಳವಾದರೋ ಹುಬ್ಬಳ್ಳಿಯ ಮಗ್ಗುಲಿನದು, ಗದುಗಿಗೆ ನೆರೆಯ ಸೀಮೆ! ಕುಂದಗೋಳದಲ್ಲಿ ದೊಡ್ಡ ಮಂದಿರವಿದ್ದುದರಿಂದ ಅವರು ಅಲ್ಲಿಗೆ ಹೋದರೆಂದು ಯಾರೂ ಹೇಳಲಾರರು.

ಇನ್ನು ಶಾಸ್ತ್ರ. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಜ್ಯೇಷ್ಠ, ಮಧ್ಯಮ, ಅವರ ಎಂದು ನಾಟ್ಯಗೃಹಕ್ಕೆ ೧೦೮, ೬೪, ೩೨ ಹಸ್ತಗಳ ಪ್ರಮಾಣವನ್ನು ಹೇಳಿ, ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಂಟಪವನ್ನೇ ವಿಧಿಸಿರುವನು. ಹಸ್ತಕ್ಕೆ ಒಂದೂವರೆ ಅಡಿಯೆಂದರೆ ಇದು ೯೬ ಅಡಿಗೆ ೪೮ ಅಡಿ. ಅದಕ್ಕಿಂತ ದೊಡ್ಡದಾದರೆ ನುಡಿಯು ಸ್ವರಗೆಡುವುದು, ಮುಖದ ಭಾವವು ಅಸ್ಪಷ್ಟವಾಗುವುದು ಎಂಬುದು ಮುನಿಯು ಕೊಟ್ಟ ಕಾರಣ. ಧ್ವನಿವರ್ಧಕವು ಮೊದಲನೆಯ ದೋಷವನ್ನು ನೀಗಿತೆನ್ನೋಣ, ಎರಡನೆಯದನ್ನು ನೀಗಿಲ್ಲ. ಸಾವಿರ ಆಸನಗಳ ಮಂದಿರದ ಹಿಂದಿನ ಸಾಲಿನವನು ನಟನ ಕಣ್ಣನ್ನು ಕಾಣಲಾರನು. ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಮುನಿಯು ಪ್ರೇಕ್ಷಕನಿಗೂ ಲಕ್ಷಣವನ್ನು ಹೇಳಿರುವನು: ಪಾತ್ರದ ಹರ್ಷಕ್ಕೆ ಹರ್ಷಿಸಬೇಕು, ಶೋಕಕ್ಕೆ ಶೋಕಿಸಬೇಕು. ಅಂತಹ ಗುಣಗಳೆಲ್ಲ ಒಬ್ಬನಲ್ಲಿಯೇ ಕೂಡಿರುವುದಿಲ್ಲವೆಂದು ಅವನೇ ಒಪ್ಪಿರುವುದು ಅವನ ಲೋಕಜ್ಞಾನಕ್ಕೆ ಸಾಕ್ಷಿ. ಹೀಗೆ ಪ್ರೇಕ್ಷಕನನ್ನೂ ನಾಟ್ಯಸಿದ್ಧಿಯ ಅಂಗವಾಗಿ ಎಣಿಸಿದ ಶಾಸ್ತ್ರವನ್ನು ಪಠಿಸುವ ನಾವು, ಗೋಡೆಗಳನ್ನಷ್ಟೇ ಎಣಿಸುತ್ತಿರುವೆವು.

ಮಧ್ಯಮಮಂಟಪದ ಆದಾಯವು ವೆಚ್ಚಕ್ಕೆ ಸಾಲದೆಂಬ ಆಕ್ಷೇಪವೊಂದು ಉಳಿದಿದೆ. ದೊಡ್ಡ ಮಂದಿರವನ್ನು ಕಟ್ಟಿಸಿ ವರ್ಷದ ಬಹುಭಾಗ ಬೀಗವಿಟ್ಟು, ಉಳಿದ ದಿನಗಳಲ್ಲಿ ಸಭೆ ಸನ್ಮಾನಗಳಿಗೆ ಬಾಡಿಗೆಗೆ ಕೊಡುವವರಿಗೆ ಈ ಆಕ್ಷೇಪವು ಶೋಭಿಸದು. ಆ ಹಣದ ಒಂದಂಶದಿಂದ ಭಾರತವಾಚನಕ್ಕೊಬ್ಬ, ಗಾನಕ್ಕೊಬ್ಬ, ಅಭಿನಯಕ್ಕೊಬ್ಬ ಬೋಧಕನಿಗೆ ವೇತನವನ್ನು ಗೊತ್ತುಮಾಡಿ, ಕಲಿಯುವ ಮಕ್ಕಳಿಗೆ ಊಟವನ್ನು ಒದಗಿಸಿದರೆ, ಅವರ ಆಟಕ್ಕೆ ಆ ಊರಿನ ಶಾಲೆಯ ಅಂಗಳವೇ ಕೆಲವು ವರ್ಷಗಳವರೆಗೆ ಸಾಕಾದೀತು.