ಸಂಜೆ ಆರರ ಮೇಲಿನ ರಂಗಭೂಮಿ

ಇಪ್ಪತ್ತರ ಹರೆಯದಲ್ಲಿ ಮೂರು ತಿಂಗಳು ನಾನು ಬೆಂಗಳೂರಿನ ಒಂದು ಹವ್ಯಾಸಿ ತಂಡಕ್ಕೆ ಪ್ರಾಂಪ್ಟರ್ ಆಗಿದ್ದೆ. ತಾಲೀಮು ನಡೆಯುತ್ತಿದ್ದುದು ಒಂದು ಶಾಲೆಯಲ್ಲಿ. ಮಕ್ಕಳು ಮನೆಗೆ ಹೋದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ರಂಗದ ಅಳತೆ ಎಳೆಯುತ್ತಿದ್ದೆವು. ಆರೂಕಾಲಿಗೆ ಬ್ಯಾಂಕಿನವರು ಬರುತ್ತಿದ್ದರು. ಆರೂವರೆಗೆ ಕಾರ್ಖಾನೆಯ ಪಾಳಿ ಮುಗಿಸಿ, ಮನೆಯಲ್ಲಿ ಮುಖ ತೊಳೆದುಕೊಂಡವರು. ರಾಜನ ಪಾತ್ರದವರು ಊಟದ ಡಬ್ಬಿಯ ಚೀಲವನ್ನು ಕಿಟಕಿಯ ಸರಳಿಗೆ ನೇತುಹಾಕಿ, ಒಂದು ಲೋಟ ನೀರು ಕುಡಿದು, ನಿಂತಲ್ಲೇ ಮಾತು ಶುರು ಮಾಡುತ್ತಿದ್ದರು. ದಿನವಿಡೀ ಲೆಡ್ಜರಿನ ಮೇಲೆ ಬಗ್ಗಿದ ಬೆನ್ನು ನಾಲ್ಕನೆಯ ಮಾತಿನ ಹೊತ್ತಿಗೆ ನೆಟ್ಟಗಾಗುವುದನ್ನು ಪ್ರತಿ ಸಂಜೆ ನೋಡುತ್ತಿದ್ದೆ.

ನಮ್ಮ ಹವ್ಯಾಸಿ ರಂಗಭೂಮಿಯನ್ನು ವಿಮರ್ಶಕರು ಅದರ ನಾಟಕಗಳಿಂದ ಅಳೆದಿದ್ದಾರೆ. ಯಾವ ಕೃತಿ, ಯಾರ ನಿರ್ದೇಶನ, ಯಾವ ಶೈಲಿ ಎಂಬ ಚರ್ಚೆ ಬೇಕಾದಷ್ಟು ಆಗಿದೆ. ಬೇರೆಲ್ಲೋ ದುಡಿದು ಹೊಟ್ಟೆ ಹೊರೆಯುವ ಜನ ಒಳಗಿನ ಒಂದು ಆಸೆಗಾಗಿ ವೇಳೆ, ಜಾಗ, ಹಣ ಹೇಗೆ ಹೊಂದಿಸಿಕೊಂಡರು ಎಂಬುದು ಮಾತ್ರ ಪೀಠಿಕೆಯ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಆ ಹೊಂದಾಣಿಕೆಯ ಜಾಣ್ಮೆಯಿಂದಲೇ ನಮ್ಮ ನಾಟಕಕ್ಕೆ ರೂಪ ಬಂದಿದೆ. ಅದರ ದೋಷಗಳೂ ಅಲ್ಲಿಂದಲೇ ಬಂದಿವೆ.

ವೃತ್ತಿನಾಟಕದ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಕಂಪನಿಯ ನಟನಿಗೆ ನಾಟಕವೇ ಅನ್ನ, ಕ್ಯಾಂಪೇ ಮನೆ. ಹೆಂಡತಿ ಮಕ್ಕಳೂ ಅನೇಕ ಸಲ ಅದೇ ಕಂಪನಿಯವರು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾದಾಗ ಇನ್ನೊಂದು ಬಗೆಯ ಮನುಷ್ಯ ರಂಗಕ್ಕೆ ಬಂದ. ಅವನಿಗೆ ಸಂಬಳವಿದೆ, ಊರಿನಲ್ಲಿ ಹೆಸರಿದೆ, ಬೆಳಗ್ಗೆ ಕಚೇರಿಗೆ ಹೋಗಲೇಬೇಕು. ಟಿ. ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿದ್ದವರು. ಅವರ ನಾಟಕಗಳ ಭಾಷೆಯನ್ನು ನಾವು ಕೊಂಡಾಡುತ್ತೇವೆ. ನಾನು ಗಮನಿಸುವುದು ಅವುಗಳ ಜಾಗವನ್ನು. ಹೆಚ್ಚಿನವು ನಡೆಯುವುದು ಒಂದು ಮನೆಯ ನಡುಮನೆಯಲ್ಲಿ. ದರ್ಬಾರಿನ ಪರದೆ, ಆನೆ ಕುದುರೆ, ಪುಷ್ಪಕ ವಿಮಾನ ಯಾವುದೂ ಬೇಡ. ನಾಲ್ಕು ಕುರ್ಚಿ, ಒಂದು ಮೇಜು ಇದ್ದರೆ ಸಾಕು. ಕೆಲಸ ಬಿಟ್ಟು ಬಂದವರು ಯಾರ ಮನೆಯ ಪಡಸಾಲೆಯಲ್ಲಿ ಬೇಕಾದರೂ ಕಲಿಯಬಹುದಾದ ನಾಟಕ ಅದು. ಸಾಮಾಜಿಕ ನಾಟಕ ಕನ್ನಡದಲ್ಲಿ ಬೇರೂರಲು ಸಮಾಜ ಸುಧಾರಣೆಯ ಕಾವು ಎಷ್ಟು ಕಾರಣವೋ ಈ ಅನುಕೂಲವೂ ಅಷ್ಟೇ ಕಾರಣ ಎಂದು ನನ್ನ ತೀರ್ಮಾನ.

ಇದೇ ಜಾಣ್ಮೆ ಎಪ್ಪತ್ತರ ದಶಕದಲ್ಲಿ ಬೀದಿಗೆ ಇಳಿಯಿತು. 1975ರಲ್ಲಿ ಹುಟ್ಟಿದ ಸಮುದಾಯ ತಂಡದಲ್ಲಿ ಮೇಷ್ಟ್ರುಗಳು, ನೌಕರರು, ವಿದ್ಯಾರ್ಥಿಗಳು ಇದ್ದರು. ಹಾಲ್ ಬಾಡಿಗೆಗೆ ಹಣವಿಲ್ಲ, ಲೈಟಿಗೆ ಹಣವಿಲ್ಲ. ಆದರೆ ಹೇಳಬೇಕಾದ ಮಾತು ತುರ್ತಿನದು. ಬಿಹಾರದಲ್ಲಿ ದಲಿತರನ್ನು ಸುಟ್ಟು ಕೊಂದ ಘಟನೆಯ ಮೇಲೆ ಕಟ್ಟಿದ ‘ಬೆಲ್ಚಿ’ಯನ್ನು ಅವರು ಸಂತೆಯಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ಬಸ್ ನಿಲ್ದಾಣದಲ್ಲಿ ಆಡಿದರು. ಪ್ರೇಕ್ಷಕ ಬರಲಿ ಎಂದು ಕಾಯದೆ ಪ್ರೇಕ್ಷಕ ಇದ್ದಲ್ಲಿಗೆ ಹೋದರು. ಬೀದಿನಾಟಕ ಒಂದು ಸಿದ್ಧಾಂತದಿಂದ ಬಂತು ಎಂದು ಬರೆಯುತ್ತೇವೆ, ಅದು ನಿಜವೂ ಹೌದು. ಆದರೆ ಕೈಯಲ್ಲಿ ಕಾಸಿಲ್ಲದ ತಂಡಗಳು ಅಷ್ಟು ಬೇಗ ಅದನ್ನು ತಮ್ಮದಾಗಿಸಿಕೊಂಡದ್ದಕ್ಕೆ ಸಿದ್ಧಾಂತವೊಂದೇ ಕಾರಣವಲ್ಲ. ಬಡತನಕ್ಕೆ ಒಪ್ಪುವ ರೂಪವನ್ನು ಅವರು ಹುಡುಕಿಕೊಂಡಿದ್ದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದ ಸಿ. ಜಿ. ಕೃಷ್ಣಸ್ವಾಮಿಯವರು ದೇವನೂರ ಮಹಾದೇವರ ‘ಒಡಲಾಳ’ವನ್ನು ರಂಗಕ್ಕೆ ತಂದರು. ಅದರಲ್ಲಿ ಉಮಾಶ್ರೀಯವರ ಸಾಕವ್ವನನ್ನು ಕಂಡವರು ಅದನ್ನು ಬಿಡುವಿನ ವೇಳೆಯ ಕೆಲಸ ಎನ್ನಲಾರರು.

ಆದರೂ ಈ ಬಗೆಯ ಜಾಣ್ಮೆಗೆ ಅತ್ಯುತ್ತಮ ಉದಾಹರಣೆ ಊರಿನದು, ನಗರದ್ದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಕೆಲವರು ಸೇರಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ (ನೀನಾಸಮ್) ಕಟ್ಟಿಕೊಂಡರು. ಅಂಥ ಸಂಘಗಳು ಮಲೆನಾಡಿನ ಊರೂರಲ್ಲೂ ಇದ್ದವು, ವರ್ಷಕ್ಕೊಂದು ನಾಟಕ ಆಡಿ ಮಲಗುತ್ತಿದ್ದವು. ಇದು ಮಲಗಲಿಲ್ಲ. ಮೈಸೂರಿನಲ್ಲಿ ಓದು ಮುಗಿಸಿದ ಕೆ. ವಿ. ಸುಬ್ಬಣ್ಣ ನೌಕರಿ ಹುಡುಕಿ ಹೋಗದೆ ಅಡಿಕೆ ತೋಟಕ್ಕೇ ಮರಳಿದರು, ತೋಟದ ಜತೆಗೇ ನಾಟಕ, ಸಿನಿಮಾ, ಪುಸ್ತಕ ಬೆಳೆಸಿದರು. ಮುಂದೆ ಅಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಚಿತ್ರಸಮಾಜ ಕಟ್ಟಿ ಕುರೊಸಾವಾ, ಸತ್ಯಜಿತ್ ರಾಯ್ ಅವರ ಸಿನಿಮಾಗಳನ್ನು ತೋಟದ ಕೆಲಸ ಮುಗಿಸಿ ಬಂದವರಿಗೆ ತೋರಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ ತಂಡ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ಇಸವಿಗಳ ಪಟ್ಟಿಯನ್ನು ಎಲ್ಲರೂ ಬಲ್ಲರು. ನನಗೆ ದೊಡ್ಡದಾಗಿ ಕಾಣುವುದು ಅದರ ಹಿಂದಿನ ವೇಳಾಪಟ್ಟಿ. ಅಲ್ಲಿನ ಸಂಸ್ಕೃತಿ ಶಿಬಿರ ನಡೆಯುವ ಅಕ್ಟೋಬರ್ ಎಂದರೆ ಮಳೆ ಇಳಿಮುಖವಾಗಿ, ಅಡಿಕೆ ಕೊಯ್ಲು ಇನ್ನೂ ಬಿರುಸಾಗದ ಹೊತ್ತು. ಹೊರಗಿನಿಂದ ಬಂದವರಿಗೆ ಅದು ಹಿತವಾದ ಹವೆ, ಊರವರಿಗೆ ಕೈ ಬಿಡುವಾಗುವ ದಿನ. ಹಾಗಾಗಿಯೇ ಅಲ್ಲಿ ಊರಿನ ಜನ ಅತಿಥಿಗಳಿಗೆ ಬಡಿಸುತ್ತಾರೆ, ಸಂಜೆ ನಾಟಕ ನೋಡುತ್ತಾರೆ, ತಾವೇ ಬಣ್ಣ ಹಚ್ಚುವುದೂ ಉಂಟು. ಸುಬ್ಬಣ್ಣ ತಮ್ಮ ಕನಸಿಗಾಗಿ ಊರಿನ ಬದುಕನ್ನು ನಿಲ್ಲಿಸಲಿಲ್ಲ. ಊರಿನ ಬದುಕು ಎಲ್ಲೆಲ್ಲಿ ಉಸಿರು ಬಿಡುತ್ತದೆಯೋ ಅಲ್ಲಲ್ಲಿ ಕನಸನ್ನು ಇಟ್ಟರು. ನೀನಾಸಮ್‌ನಂತೆ ತಾವೂ ಮಾಡಬೇಕೆಂದು ಹೊರಟ ಅನೇಕರು ಮೊದಲು ಕಟ್ಟಡ ಕಟ್ಟಿಸಿದರು. ಬಾಗಿಲಿಗೆ ಬೀಗ ಬಿದ್ದ ರಂಗಮಂದಿರಗಳನ್ನು ನಾನು ನೋಡಿದ್ದೇನೆ. ಅವರು ಹೆಗ್ಗೋಡಿನಿಂದ ಕಲಿಯಬೇಕಿದ್ದು ಕ್ಯಾಲೆಂಡರನ್ನು.

ಬೆಂಗಳೂರಿನಲ್ಲಿ ಎ. ಎಸ್. ಮೂರ್ತಿಯವರೂ ಇದೇ ಸೂಕ್ಷ್ಮ ಹಿಡಿದರು. ಆಕಾಶವಾಣಿಯ ಈರಣ್ಣನೆಂದು ಮನೆಮಾತಾಗಿದ್ದ ಅವರು ‘ಅಭಿನಯ ತರಂಗ’ವನ್ನು ಭಾನುವಾರದ ನಾಟಕ ಶಾಲೆಯಾಗಿ ನಡೆಸಿದರು. ವಾರವೆಲ್ಲ ದುಡಿಯುವ ಹುಡುಗ ಹುಡುಗಿಯರಿಗೆ ಕಲಿಯಲು ಇರುವುದು ಒಂದೇ ದಿನ. ಆ ಒಂದು ದಿನವನ್ನೇ ಅವರು ಶಾಲೆ ಮಾಡಿದರು.

ಇಷ್ಟು ಮೆಚ್ಚುಗೆಯ ಮೇಲೆ ದೂರಿನ ಮಾತೂ ಹೇಳಬೇಕು.

ಮೊದಲನೆಯದು ರಿಯಾಯಿತಿ. “ಹವ್ಯಾಸಿ ತಂಡ ಅಲ್ಲವೇ, ಇಷ್ಟು ಮಾಡಿದ್ದೇ ಹೆಚ್ಚು” ಎಂಬ ಮಾತನ್ನು ನಾಟಕ ಮುಗಿದ ಮೇಲೆ ಎಷ್ಟು ಸಲ ಕೇಳಿದ್ದೇನೋ. ಕರುಣೆಯಿಂದ ಆಡುವ ಈ ಮಾತಿನಷ್ಟು ಕೆಡುಕು ಮಾಡಿದ್ದು ಬೇರೊಂದಿಲ್ಲ. ಮಾತು ಮರೆತ ನಟ, ಕತ್ತಲಲ್ಲಿ ಎಡವಿದ ಬೆಳಕು, ಹಾಡಿಗೆ ಸೇರದ ಹಾರ್ಮೋನಿಯಂ ಎಲ್ಲವನ್ನೂ ಅದು ಮುಚ್ಚಿಹಾಕುತ್ತದೆ. ಸಂಜೆಯ ಮೂರು ಗಂಟೆಯಲ್ಲಿ ಕಲಿತದ್ದು ಕಳಪೆಯಾಗಿರಲೇಬೇಕೆಂಬ ನಿಯಮವಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಮ್ಮ ತಂಡ ಮೂರು ತಿಂಗಳು ಬೆವರಿಳಿಸಿ ಕಲಿತ ನಾಟಕ ಎರಡು ಪ್ರದರ್ಶನ ಕಂಡಿತು. ಎರಡನೆಯ ರಾತ್ರಿ ರಾಜನ ಪಾತ್ರದವರಿಗೆ ತಮ್ಮ ಮೌನದ ಅಳತೆ ಸಿಕ್ಕಿತ್ತು. ಮೂರನೆಯ ರಾತ್ರಿ ಬರಲೇ ಇಲ್ಲ. ತಿರುಗಾಟದ ನಟರು ಒಂದೇ ನಾಟಕವನ್ನು ಊರಿಂದೂರಿಗೆ ಹೊತ್ತು ಹತ್ತಾರು ಸಲ ಆಡುತ್ತಾರೆ, ಪಾತ್ರ ಆ ದಾರಿಯಲ್ಲಿ ಮಾಗುತ್ತದೆ. ನಗರದ ಹವ್ಯಾಸಿ ತಂಡ ಕಾಯಿಯನ್ನೇ ಕಿತ್ತು ಬಡಿಸಿ, ಮರವನ್ನು ಕಡಿದು, ಹೊಸ ಬೀಜ ಹುಡುಕಿ ಹೊರಡುತ್ತದೆ. ಹೊಸ ನಾಟಕಕ್ಕೆ ಅನುದಾನ ಸಿಗುತ್ತದೆ, ಹಳೆಯದರ ಹದಿನೈದನೆಯ ಪ್ರದರ್ಶನಕ್ಕೆ ಸಿಗುವುದಿಲ್ಲ ಎಂಬುದು ಒಂದು ಕಾರಣ. ಪಾಸ್ ಹಿಡಿದು ಬರುವ ನೆಂಟರಿಷ್ಟರು ಎರಡು ರಾತ್ರಿಗೆ ಮುಗಿದುಹೋಗುತ್ತಾರೆ ಎಂಬುದು ಇನ್ನೊಂದು.

ಈ ಎರಡನೆಯ ಕಾರಣಕ್ಕೆ ಉತ್ತರವಾಗಿ ನಿಂತದ್ದು ರಂಗಶಂಕರ. ಅದರ ಹಿಂದೆ ಒಂದು ಪ್ರೀತಿಯ ಕತೆಯಿದೆ. ಶಂಕರ್ ನಾಗ್ ಮತ್ತು ಅರುಂಧತಿ ಒಬ್ಬರನ್ನೊಬ್ಬರು ಕಂಡದ್ದು ಮುಂಬೈಯ ರಂಗಭೂಮಿಯಲ್ಲಿ. ಬೆಂಗಳೂರಿಗೆ ಬಂದು ‘ಸಂಕೇತ್’ ತಂಡ ಕಟ್ಟಿದರು. ಸಿನಿಮಾದ ಬಿಡುವಿಲ್ಲದ ದುಡಿಮೆಯ ನಡುವೆಯೂ ನಾಟಕ ಬಿಡಲಿಲ್ಲ. ನಾಟಕಕ್ಕೇ ಮೀಸಲಾದ ಒಂದು ರಂಗಮಂದಿರ ಬೇಕೆಂಬುದು ಆ ಮನೆಯ ಆಸೆಯಾಗಿತ್ತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಅಪಘಾತದಲ್ಲಿ ಶಂಕರ್ ತೀರಿಕೊಂಡರು, 36 ಇನ್ನೂ ತುಂಬಿರಲಿಲ್ಲ. ಜೆ. ಪಿ. ನಗರದಲ್ಲಿ ರಂಗಶಂಕರದ ಬಾಗಿಲು ತೆರೆದದ್ದು 2004ರಲ್ಲಿ. ನಡುವಿನ 14 ವರ್ಷ ಅರುಂಧತಿ ನಾಗ್ ಆ ಕನಸನ್ನು ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿದರು. ಅವರು ಅಲ್ಲಿ ಹಾಕಿದ ನಿಯಮಗಳನ್ನು ನೋಡಿ: ಟಿಕೆಟ್ ಕೊಂಡು ಬರಬೇಕು, ಹೇಳಿದ ವೇಳೆಗೆ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಕೆಲವರಿಗೆ ಇದು ಬಿಗಿಯೆನಿಸಿತು. ನನಗೆ ಅದು ನಟನ ಸಂಜೆಗೆ ಸಂದ ಮರ್ಯಾದೆಯಾಗಿ ಕಂಡಿತು. ಕಚೇರಿ ಬಿಟ್ಟು, ಬಸ್ಸಿನಲ್ಲಿ ನಿಂತು ಬಂದು, ಬಣ್ಣ ಹಚ್ಚಿದವನ ಒಂದು ನಿಮಿಷವೂ ಪುಕ್ಕಟೆಯಲ್ಲ ಎಂದು ಆ ಬಾಗಿಲು ಹೇಳುತ್ತದೆ.

ಪ್ರೀತಿಯ ಮಾತು ಬಂದದ್ದರಿಂದ ಈ ರಂಗಭೂಮಿಯ ಅತಿ ದೊಡ್ಡ ದೋಷದ ಕಡೆಗೆ ಬರಬಹುದು. ಸಂಜೆ ಆರರ ಮೇಲೆ ಗಂಡಸು ತಾಲೀಮಿಗೆ ಹೋದರೆ ಮನೆಯಲ್ಲಿ ಒಲೆಯ ಮುಂದೆ ಯಾರಿರುತ್ತಾರೆ? ಆ ಹೊತ್ತು ಹೆಣ್ಣಿಗೆ ಬಿಡುವಿನದಲ್ಲ, ಎರಡನೆಯ ಪಾಳಿಯದು.

ರಂಗನಿರ್ದೇಶಕ ಬಿ. ವಿ. ಕಾರಂತರ ಆತ್ಮಕಥನ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಓದಿದವರು ಅವರ ಪತ್ನಿ ಪ್ರೇಮಾ ಕಾರಂತರ ‘ಸೋಲಿಸಬೇಡ ಗೆಲಿಸಯ್ಯ’ವನ್ನೂ ಓದಬೇಕು. ಕಾರಂತರ ಆತ್ಮಕಥನವನ್ನು ಅವರ ಬಾಯಿಂದ ಕೇಳಿ ಬರೆದವರು ವೈದೇಹಿ. ಮಂಚಿಯ ಹುಡುಗ ಕಾರಂತ ನಾಟಕದ ಹುಚ್ಚಿಗೆ ಮನೆಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ ಕತೆಯನ್ನು ನಾವು ಸಂಭ್ರಮದಿಂದ ಹೇಳಿಕೊಳ್ಳುತ್ತೇವೆ. ಹೆಣ್ಣುಮಗಳೊಬ್ಬಳು ಹಾಗೆ ಓಡಿದ್ದರೆ ಅದೇ ಸಂಭ್ರಮ ಇರುತ್ತಿತ್ತೇ? ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದದ್ದು 1962ರಲ್ಲಿ. ಶಿಕ್ಷಕಿಯಾಗಿ ದುಡಿಯುತ್ತಿದ್ದ ಪ್ರೇಮಾ ಅವರಿಗೆ ಅದೇ ಶಾಲೆಯಲ್ಲಿ ಕಲಿಯುವ ಸರದಿ ಬಂದದ್ದು ಅದಾದ ವರ್ಷಗಳ ಮೇಲೆ. ಬಂದ ಸರದಿಯನ್ನು ಅವರು ಹೇಗೆ ಬಳಸಿಕೊಂಡರು ನೋಡಿ. ಶಿಕ್ಷಕಿಯಾಗಿ ಮಕ್ಕಳನ್ನು ಬಲ್ಲವರು ಮಕ್ಕಳ ರಂಗಭೂಮಿ ಕಟ್ಟಿದರು, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು 1983ರಲ್ಲಿ ಸಿನಿಮಾ ಮಾಡಿದರು. ಹೊಟ್ಟೆಪಾಡಿನ ಕೆಲಸ ಅವರ ಕೈಯಲ್ಲಿ ಕಲೆಗೆ ಬಂಡವಾಳವಾಯಿತು. ಹವ್ಯಾಸಿ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಗೊತ್ತಿಲ್ಲ. ಆದರೆ ಪ್ರೇಮಾ ಒಬ್ಬರು. ಸರದಿ ಬರದೇ ಹೋದವರ ಆತ್ಮಕಥನವನ್ನು ಯಾರು ಬರೆದುಕೊಂಡಾರು?

ನಮ್ಮ ತಂಡದ ರಾಣಿಯ ಪಾತ್ರದವರು ರಾತ್ರಿ ಏಳೂಮುಕ್ಕಾಲಿನ ಬಸ್ಸು ಹಿಡಿಯಬೇಕಿತ್ತು. ಅದಕ್ಕಾಗಿ ನಿರ್ದೇಶಕರು ಅವರ ದೃಶ್ಯಗಳನ್ನೆಲ್ಲ ಮೊದಲು ಕಲಿಸಿ ಬಿಡುತ್ತಿದ್ದರು. ನಾಟಕದ ಕೊನೆಯನ್ನು ನಾವು ದಿನವೂ ಮೊದಲೇ ಆಡಿ, ಆಮೇಲೆ ಆರಂಭಕ್ಕೆ ಬರುತ್ತಿದ್ದೆವು. ಅದೂ ಒಂದು ಜಾಣ್ಮೆಯೇ, ಮನಸ್ಸು ತುಂಬಿ ಹೇಳುತ್ತೇನೆ. ಮುಂದಿನ ವರ್ಷ ಅವರ ಮದುವೆಯಾಯಿತು, ಮತ್ತೆ ತಾಲೀಮಿಗೆ ಬರಲಿಲ್ಲ. ಅದೇ ವರ್ಷ ಮದುವೆಯಾದ ಸೇನಾಪತಿಯ ಪಾತ್ರದವರು ಒಂದು ವಾರ ರಜೆ ಹಾಕಿ, ಎಂಟನೆಯ ದಿನ ಬಂದರು.

ಗ್ರ್ಯಾಂಡ್ ರಿಹರ್ಸಲ್ ದಿನ ರಾಜನ ಪಾತ್ರದವರ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲೇ, ಸೈಡ್ ವಿಂಗಿನಲ್ಲಿ ಕೂತರು. ಎರಡನೆಯ ಅಂಕದ ಉದ್ದನೆಯ ಮಾತಿನಲ್ಲಿ ಅವರ ಯಜಮಾನರು ತಡವರಿಸಿದರು. ನಾನು ಸ್ಕ್ರಿಪ್ಟಿನ ಪುಟ ತಿರುವುವಷ್ಟರಲ್ಲಿ ಆಕೆ ಮುಂದಿನ ಸಾಲನ್ನು ಮೆಲ್ಲಗೆ ಹೇಳಿಬಿಟ್ಟಿದ್ದರು. ಆಮೇಲೆ ಕೇಳಿದೆ.

“ಅಕ್ಕಾ, ನಿಮಗೆ ಹೇಗೆ ಬಂತು?”

“ದಿನಾ ಅಡಿಗೆಮನೇಲಿ ನಿಂತು ಹೇಳ್ಕೊತಾರಲ್ಲಪ್ಪ. ನಂಗೆ ಎಲ್ಲರ ಮಾತೂ ಬರುತ್ತೆ.”

ಇಡೀ ನಾಟಕ ಬಾಯಿಪಾಠವಾಗಿದ್ದ ಒಬ್ಬರು ಆ ತಂಡದಲ್ಲಿ ಇದ್ದರು. ಕರಪತ್ರದಲ್ಲಿ ಅವರ ಹೆಸರಿರಲಿಲ್ಲ. ನೀವೂ ಒಂದು ಪಾತ್ರ ಮಾಡುತ್ತೀರಾ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ನಾಟಕಕ್ಕೆ ಕೈಹಾಕುತ್ತಿರುವ ತಂಡದವರಲ್ಲಿ ನನ್ನ ಕೇಳಿಕೆ ಇದು. ತಾಲೀಮಿನ ವೇಳೆ ಗೊತ್ತುಮಾಡುವ ಮುಂಚೆ ತಂಡದ ಹೆಣ್ಣುಮಕ್ಕಳನ್ನು ಕೇಳಿ, ತಂಡದ ಗಂಡಸರ ಮನೆಯ ಹೆಣ್ಣುಮಕ್ಕಳನ್ನೂ ಕೇಳಿ. ಅವರಿಗೆ ಭಾನುವಾರ ಬೆಳಗ್ಗೆ ಹತ್ತು ಗಂಟೆ ಅನುಕೂಲವೆಂದರೆ ತಾಲೀಮು ಹತ್ತಕ್ಕೇ ಇರಲಿ. ಅಂದಿನ ಅಡಿಗೆಯನ್ನು ರಾಜ ಮಾಡಿಟ್ಟು ಬರಲಿ.