ತೀರ್ಪು ಕೊಡದ ಪಂಚಾಯ್ತಿಯ ಪಾಠ

ಬದು, ಬಂಡಿದಾರಿ, ಬೋರ್‌ವೆಲ್ ನೀರು, ಅಣ್ಣತಮ್ಮಂದಿರ ಪಾಲು. ಉಚ್ಚಂಗಿದುರ್ಗದ ಸೀಮೆಯ ಜಗಳಗಳು ಹೆಚ್ಚಾಗಿ ಇಷ್ಟರೊಳಗೇ ಹುಟ್ಟುತ್ತವೆ. ಹರಪನಹಳ್ಳಿಯ ಕೋರ್ಟು ಮೆಟ್ಟಿಲಿಗೆ ಮೊದಲು ಊರಕಟ್ಟೆಯಿದೆ. ಅಲ್ಲಿ ಬಗೆಹರಿಯದ್ದು ಸೋಮವಾರ ಸಿರಿಗೆರೆಗೆ ಹೋಗುವುದೂ ಉಂಟು. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಎರಡೂ ಕಡೆಯವರನ್ನು ಕೂರಿಸಿ ವಿಚಾರಿಸುತ್ತಾರೆ. ಇಷ್ಟಿರುವಾಗ ಮಧ್ಯಸ್ಥಿಕೆಯನ್ನು ಪಾಠ ಮಾಡಿ ಕಲಿಸಬೇಕೆ?

ಕಲಿಸಬೇಕು. ಕಟ್ಟೆಯ ಹಿರಿಯರೂ ಪೀಠವೂ ಕೊನೆಗೆ ತೀರ್ಪು ಕೊಡುವುದು ಮೇಲಿನಿಂದ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಸಿಕೊಂಡು ಬಂದ ಪದ್ಧತಿಯಲ್ಲಿ ಮಧ್ಯಸ್ಥಗಾರನಿಗೆ ತೀರ್ಪು ಹೇಳುವ ಅಧಿಕಾರವೇ ಇಲ್ಲ. 40 ಗಂಟೆಯ ತರಬೇತಿಯ ಬಹುಪಾಲು ಬಾಯಿ ಕಟ್ಟಿ ಕಿವಿ ತೆರೆಯುವ ಅಭ್ಯಾಸ: ಹೇಳಿದ್ದನ್ನು ಹೇಳಿದವರಿಗೇ ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದು, ಹೌದು-ಅಲ್ಲ ಎನ್ನಲಾಗದಂಥ ಪ್ರಶ್ನೆ ಕೇಳುವುದು, ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸುವುದು. ಊರ ಗೌಡರಿಗೆ ಇದರಷ್ಟು ಕಷ್ಟದ ವಿದ್ಯೆ ಬೇರೆ ಇರಲಾರದು.

ಆದರೆ ಸಿದ್ಧಾಂತದ ಭಾಗ ನಮ್ಮ ಹೊಲಕ್ಕೆ ಸರಿಯಾಗಿ ಇಳಿದಿಲ್ಲ. 1981ರಲ್ಲಿ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಬರೆದ ಪುಸ್ತಕದಿಂದ ಬಂದ ಕಿತ್ತಳೆ ಹಣ್ಣಿನ ಕತೆ ಈ ಪಾಠಗಳಲ್ಲಿ ಬಹಳ ಓಡುತ್ತದೆ: ಜಗಳವಾಡಿದ ಇಬ್ಬರಲ್ಲಿ ಒಬ್ಬರಿಗೆ ಬೇಕಿದ್ದದ್ದು ಸಿಪ್ಪೆ, ಇನ್ನೊಬ್ಬರಿಗೆ ತೊಳೆ. ಚಂದದ ಕತೆಯೇ. ಬದುವಿಗೆ ಸಿಪ್ಪೆ ಬೇರೆ, ತೊಳೆ ಬೇರೆ ಇಲ್ಲ. ಅಲ್ಲಿ ಮಣ್ಣೂ ಮಾನವೂ ಒಂದೇ ಗೇಣು ಜಾಗದಲ್ಲಿರುತ್ತವೆ.

ಇನ್ನೂ ದೊಡ್ಡ ಕೊರತೆ ‘ಯಾರ ಪರವೂ ಇಲ್ಲ’ ಎಂಬ ನಿಯಮದಲ್ಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಮಗಳು ಹುಟ್ಟಿನಿಂದಲೇ ಅವಿಭಕ್ತ ಆಸ್ತಿಯ ಪಾಲುದಾರಳು. ಆದರೂ ತವರು ತಪ್ಪಿಹೋದೀತೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಎಷ್ಟು ಮಂದಿಯಿಲ್ಲ! ಕಟ್ಟೆಯಾದರೆ ಆಕೆಯನ್ನು ಕರೆಯುವುದೇ ಅಪರೂಪ. ತರಬೇತಾದವರು ಕರೆಯುತ್ತಾರೆ, ಸರಿ. ಕರೆದು, ‘ನಿಮ್ಮ ಒಪ್ಪಿಗೆ ಇದೆಯೇನಮ್ಮಾ?’ ಎಂದು ಎಲ್ಲರ ಎದುರು ಕೇಳಿ, ‘ಹೂನ್ರಿ’ ಎಂಬ ಉತ್ತರ ಬರೆದುಕೊಂಡರೆ ಅದೂ ಕಟ್ಟೆಯೇ. ಅಣ್ಣಂದಿರಿಲ್ಲದ ಕೋಣೆಯಲ್ಲಿ, ಆಕೆಯ ಪಾಲು ಎಷ್ಟೆಂದು ತಿಳಿಸಿದ ಮೇಲೆ ಕೇಳಿದಾಗಲೇ ಒಪ್ಪಿಗೆಗೆ ಬೆಲೆ. ಇದು ಪಕ್ಷಪಾತವಲ್ಲ. ನನಗೆ ಪ್ರತ್ಯೇಕ ಮಾತುಕತೆಯೇ ಇಡೀ ವಿದ್ಯೆಯ ತಿರುಳಾಗಿ ಕಾಣುವುದು ಇದಕ್ಕೇ. ಹೊಡೆತ-ಬಡಿತದ ಪ್ರಕರಣಗಳನ್ನಂತೂ ರಾಜಿಗೆ ಕೂರಿಸಲೇಬಾರದು.

2023ರ ಮಧ್ಯಸ್ಥಿಕೆ ಕಾಯ್ದೆ ಊರಿನ ನೆಮ್ಮದಿ ಕೆಡಿಸುವ ವ್ಯಾಜ್ಯಗಳಿಗೆ ಮೂವರು ಮಧ್ಯಸ್ಥಗಾರರ ಸಮುದಾಯ ಮಧ್ಯಸ್ಥಿಕೆಯನ್ನು ಹೇಳಿದೆ. ಅಲ್ಲಿಯ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲವಿಲ್ಲ. ನಿಲ್ಲುವುದಾದರೆ ಊರಿನವರ ಮಾತಿನ ಮೇಲೆ ನಿಲ್ಲಬೇಕು. ಮಧ್ಯಸ್ಥಗಾರರ ಪಟ್ಟಿಗೆ ಹೆಣ್ಣುಮಕ್ಕಳನ್ನು ಸೇರಿಸುವುದನ್ನು ‘ಪರಿಗಣಿಸಬಹುದು’ ಎಂದಷ್ಟೇ ಬರೆದು ಕಾಯ್ದೆ ಸುಮ್ಮನಾಗಿದೆ. ಅದನ್ನು ಕಡ್ಡಾಯ ಮಾಡಬೇಕಿತ್ತು.